ಕ್ಷಮೆ ದೊರೆತ ಮೇಲೂ ಉಳಿಯುವ ಫಲ

(ಬೆಂಗಳೂರಿನ ಒಂದು ಕನ್ನಡ ಸಭೆಯಲ್ಲಿ ಸುಗ್ಗಿ ಹಬ್ಬದ ಅಂಗವಾಗಿ ನೀಡಿದ ಉಪನ್ಯಾಸದ ಬರಹ ರೂಪ. ಸಭಿಕರೊಬ್ಬರ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಸಭಾಪಾಲಕರೇ, ಹಿರಿಯರೇ, ಬೇರೆ ಬೇರೆ ಬಡಾವಣೆಗಳಿಂದ ಬಂದು ಕುಳಿತಿರುವ ಸ್ನೇಹಿತರೇ,

ಸುಗ್ಗಿ ಹಬ್ಬ ಬಂತೆಂದರೆ ಕ್ರಿಸ್ತನ ಸುವಾರ್ತೆ ಸಾರಿದ ಪೌಲನ ಒಂದು ಮಾತು ನಮ್ಮ ಸಭೆಗಳಲ್ಲಿ ತಪ್ಪದೆ ಕೇಳಿಬರುತ್ತದೆ. ಗಲಾತ್ಯದವರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿ ಅದಿದೆ. ದೇವರನ್ನು ಯಾರೂ ವಂಚಿಸಲಾಗದು, ಮನುಷ್ಯನು ಏನನ್ನು ಬಿತ್ತುತ್ತಾನೋ ಅದನ್ನೇ ಕೊಯ್ಯುತ್ತಾನೆ ಎಂಬ ಮಾತು. ಕನ್ನಡಿಗರಿಗೆ ಇದರಲ್ಲಿ ಅಪರಿಚಿತವಾದದ್ದೇನೂ ಇಲ್ಲ. ‘ಮಾಡಿದ್ದುಣ್ಣೋ ಮಹಾರಾಯ’ ಎಂದು ಬೈಬಲನ್ನು ಕಣ್ಣಿನಿಂದಲೂ ನೋಡಿರದ ಹಳ್ಳಿಯ ಅಜ್ಜಿಯೂ ಹೇಳುತ್ತಾಳೆ. ಹಾಗಾಗಿ ಕೇಳಿದ ಕೂಡಲೇ ತಲೆಯಾಡಿಸುತ್ತೇವೆ. ಆದರೆ ತಲೆಯಾಡಿಸುವಾಗ ನಮ್ಮ ಮನಸ್ಸಿಗೆ ಬರುವವರು ಯಾರು? ಆಸ್ತಿಯ ಭಾಗದಲ್ಲಿ ಅನ್ಯಾಯ ಮಾಡಿದ ಅಣ್ಣ, ಚೀಟಿ ಹಣ ನುಂಗಿದ ಪಕ್ಕದ ಬೀದಿಯವನು, ನಮ್ಮ ಬಡ್ತಿಗೆ ಅಡ್ಡಗಾಲು ಹಾಕಿದ ಮೇಲಧಿಕಾರಿ. ಅವರ ಮನೆಗೆ ಕಷ್ಟ ಬಂದ ಸುದ್ದಿ ತಿಳಿದಾಗ ಈ ವಚನ ನಮ್ಮ ಬಾಯಿಗೆ ಎಷ್ಟು ಸಲೀಸಾಗಿ ಬರುತ್ತದೆ!

ಪೌಲ ಅದನ್ನು ಬರೆದ ಸಂದರ್ಭವೇ ಬೇರೆ. ಇಂದಿನ ಟರ್ಕಿ ದೇಶದ ಒಳನಾಡಿನಲ್ಲಿದ್ದ ಸಣ್ಣ ಸಭೆಗಳಿಗೆ ಅವನು ಬರೆಯುತ್ತಿದ್ದಾನೆ. ಒಬ್ಬರ ಭಾರವನ್ನೊಬ್ಬರು ಹೊತ್ತುಕೊಳ್ಳಿ ಎನ್ನುತ್ತಾನೆ. ವಾಕ್ಯವನ್ನು ಕಲಿಸುವವನಿಗೆ ನಿಮ್ಮಲ್ಲಿರುವುದರಲ್ಲಿ ಪಾಲು ಕೊಡಿ ಎನ್ನುತ್ತಾನೆ. ಅದರ ಬೆನ್ನಿಗೇ ಬಿತ್ತನೆಯ ಮಾತು ಬರುತ್ತದೆ. ಮಾತು ಮುಂದುವರಿಸಿ, ಒಳ್ಳೆಯದನ್ನು ಮಾಡುವುದರಲ್ಲಿ ಬೇಸರಗೊಳ್ಳಬೇಡಿ, ತಕ್ಕ ಕಾಲದಲ್ಲಿ ಬೆಳೆ ಕೈಗೆ ಬರುತ್ತದೆ ಎನ್ನುತ್ತಾನೆ. ಎದುರಿಗಿರುವ ಓದುಗನಿಗೆ, ಅವನ ಕೈಯಲ್ಲಿ ಇನ್ನೂ ಬಿತ್ತದೆ ಉಳಿದಿರುವ ಬೀಜದ ಬಗ್ಗೆ ಆಡಿದ ಮಾತಿದು. ಪಕ್ಕದವನ ಹೊಲದ ಕಡೆಗೆ ಬೆರಳು ತೋರಿಸಲು ಇದರಲ್ಲಿ ಅನುಮತಿಯಿಲ್ಲ.

ಇಂದು ನಾನು ಹೇಳಬೇಕೆಂದು ಬಂದಿರುವುದು ಒಂದೇ ವಿಷಯ. ನಮ್ಮ ಕೃತ್ಯಗಳ ಫಲ ದೀರ್ಘಕಾಲ ಉಳಿಯುತ್ತದೆ. ದೇವರ ಕ್ಷಮೆ ನಿಜವಾದದ್ದು, ಸಂಪೂರ್ಣವಾದದ್ದು, ಆದರೂ ಆ ಫಲವನ್ನು ಅದು ಇಲ್ಲವಾಗಿಸುವುದಿಲ್ಲ. ಕ್ಷಮೆ ಪಡೆದವನು ತನ್ನ ಬೆಳೆಯ ನಡುವೆ ನಿಂತು ಏನು ಮಾಡಬೇಕು ಎಂಬುದೇ ಕ್ರೈಸ್ತ ಜೀವನದ ಬಹುಪಾಲು. ಇದನ್ನು ನಾವು ಸಾಕಷ್ಟು ಬೋಧಿಸುತ್ತಿಲ್ಲ ಎಂಬುದು ನನ್ನ ಕೊರಗು.

ಅದಕ್ಕೂ ಮೊದಲು ಒಂದು ಅಪಾಯದ ಬಗ್ಗೆ ಹೇಳಲೇಬೇಕು. ಯೋಬನ ಗ್ರಂಥದಲ್ಲಿ ಎಲೀಫಜ ಎಂಬ ಗೆಳೆಯನಿದ್ದಾನೆ. ನೀತಿವಂತನಾಗಿದ್ದೂ ಮಕ್ಕಳನ್ನು ಕಳೆದುಕೊಂಡು, ಮೈತುಂಬ ಹುಣ್ಣಾಗಿ, ಬೂದಿಯಲ್ಲಿ ಕುಳಿತಿರುವ ಯೋಬನ ಮುಂದೆ ಅವನು ಬಾಯಿ ತೆರೆದಾಗ ಏನು ಹೇಳುತ್ತಾನೆ ಗೊತ್ತೇ? ಅಧರ್ಮವನ್ನು ಉತ್ತು ಕೇಡನ್ನು ಬಿತ್ತುವವರು ಅದನ್ನೇ ಕೊಯ್ಯುವುದನ್ನು ನಾನು ಕಂಡಿದ್ದೇನೆ ಎನ್ನುತ್ತಾನೆ. ಪೌಲನ ಮಾತಿಗೂ ಇದಕ್ಕೂ ಹೆಚ್ಚು ಅಂತರವಿಲ್ಲ. ಆದರೆ ಗ್ರಂಥದ ಕೊನೆಯಲ್ಲಿ ದೇವರು ಎಲೀಫಜನ ಮೇಲೆ ಕೋಪಗೊಳ್ಳುತ್ತಾನೆ. ನೀನೂ ನಿನ್ನ ಇಬ್ಬರು ಸ್ನೇಹಿತರೂ ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಎನ್ನುತ್ತಾನೆ. ಒಂದೇ ಮಾತು ಪೌಲನ ಬಾಯಲ್ಲಿ ಸತ್ಯ, ಎಲೀಫಜನ ಬಾಯಲ್ಲಿ ತಪ್ಪು. ಏಕೆ? ಪೌಲ ಬೀಜವನ್ನು ನೋಡಿ ಬೆಳೆಯ ಬಗ್ಗೆ ಎಚ್ಚರಿಸುತ್ತಾನೆ. ಎಲೀಫಜ ಇನ್ನೊಬ್ಬನ ಸಂಕಟವನ್ನು ನೋಡಿ ಅವನ ಬೀಜ ಇಂಥದ್ದೇ ಇರಬೇಕು ಎಂದು ತೀರ್ಪು ಕೊಡುತ್ತಾನೆ.

ಯೇಸುವಿನ ಮುಂದೆಯೂ ಈ ಪ್ರಶ್ನೆ ಬಂದಿತ್ತು. ಹುಟ್ಟುಕುರುಡನನ್ನು ತೋರಿಸಿ ಶಿಷ್ಯರು ಕೇಳುತ್ತಾರೆ: ಪಾಪ ಮಾಡಿದವನು ಇವನೋ, ಇವನ ತಂದೆತಾಯಿಯೋ? ಇವನೂ ಅಲ್ಲ, ಅವರೂ ಅಲ್ಲ ಎಂಬುದು ಯೇಸುವಿನ ಉತ್ತರ. ಸಿಲೊವಾಮಿನ ಗೋಪುರ ಕುಸಿದು 18 ಮಂದಿ ಸತ್ತ ಸುದ್ದಿಯ ಬಗ್ಗೆಯೂ ಅಷ್ಟೇ. ಯೆರೂಸಲೇಮಿನ ಉಳಿದವರಿಗಿಂತ ಅವರು ಹೆಚ್ಚು ತಪ್ಪಿತಸ್ಥರೆಂದು ನೆನಸುತ್ತೀರೋ, ಇಲ್ಲ, ನೀವು ನಿಮ್ಮ ದಾರಿಯನ್ನು ನೋಡಿಕೊಳ್ಳಿ ಎಂದನು.

ನಮ್ಮ ನಗರದ ಆಸ್ಪತ್ರೆಗಳಿಗೆ ಪ್ರಾರ್ಥನೆಗೆಂದು ಹೋದಾಗ ನನ್ನನ್ನು ಹೆಚ್ಚು ನೋಯಿಸುವುದು ರೋಗಿಗಳ ನೋವಲ್ಲ. ಅವರ ಮಂಚದ ಪಕ್ಕ ನಿಂತು ನೆಂಟರು ಆಡುವ ಮಾತು. ಒಮ್ಮೆ, ಮಗುವಿನ ರಕ್ತದ ಕ್ಯಾನ್ಸರ್‌ ಚಿಕಿತ್ಸೆಗೆ ಬಂದಿದ್ದ ತಾಯಿಯೊಬ್ಬಳು ನನ್ನನ್ನು ಕಾರಿಡಾರಿನಲ್ಲಿ ತಡೆದು, “ಅಯ್ಯನವರೇ, ಮದುವೆಗೆ ಮುಂಚೆ ನಾನು ಮಾಡಿದ ಒಂದು ತಪ್ಪಿಗೆ ದೇವರು ನನ್ನ ಮಗುವನ್ನು ಹಿಡಿದುಕೊಂಡಿದ್ದಾನೆಯೇ?” ಎಂದು ಕೇಳಿದಳು. ಅವಳ ಅತ್ತೆ ಹಾಗೆಂದು ಹೇಳಿದ್ದರು, ಬೈಬಲಿನ ವಚನವನ್ನೂ ತೋರಿಸಿದ್ದರು. ಆ ವಚನದಿಂದ ಆ ತಾಯಿಗೆ ಮಾಡಿದ್ದು ಹಿಂಸೆ. “ಇಲ್ಲಮ್ಮ” ಎಂದೆ. ಮಗುವಿನ ರಕ್ತಕಣಗಳಲ್ಲಿ ಆದ ಏರುಪೇರಿಗೂ ನಿನ್ನ ಹಳೆಯ ತಪ್ಪಿಗೂ ಸಂಬಂಧ ಹಚ್ಚುವ ಅಧಿಕಾರವನ್ನು ದೇವರು ಯಾರಿಗೂ ಕೊಟ್ಟಿಲ್ಲ ಎಂದೆ. ಇವತ್ತು ಇಲ್ಲಿ ಕುಳಿತಿರುವವರಲ್ಲಿ ಯಾರಾದರೂ ಅಂಥ ಮಾತನ್ನು ಹೊತ್ತುಕೊಂಡು ಬಂದಿದ್ದರೆ, ದಯವಿಟ್ಟು ಅದನ್ನು ಇಲ್ಲಿಯೇ ಬಿಟ್ಟುಹೋಗಿ. ಮುಂದೆ ನಾನು ಹೇಳುವುದು ನಿಮ್ಮ ಮೇಲೆ ಹೊರಿಸಲಾದ ಆ ಸುಳ್ಳು ಹೊರೆಯ ಬಗ್ಗೆ ಅಲ್ಲ.

ಹಾಗಾದರೆ ಇದು ಕರ್ಮ ಸಿದ್ಧಾಂತವೇ ತಾನೇ ಎಂದು ಕ್ರೈಸ್ತರಲ್ಲದ ಮಿತ್ರರು ಕೇಳುವುದುಂಟು. ಮಾಡಿದ್ದಕ್ಕೆ ಫಲವಿದೆ, ಅದರಿಂದ ಯಾರೂ ನುಣುಚಿಕೊಳ್ಳಲಾಗದು ಎಂಬಲ್ಲಿ ನಾವು ಒಟ್ಟಿಗೇ ನಿಂತಿದ್ದೇವೆ, ಆ ಗಂಭೀರತೆಯನ್ನು ನಾನು ಗೌರವಿಸುತ್ತೇನೆ. ಆದರೆ ಬೈಬಲಿನ ದೃಷ್ಟಿಯಲ್ಲಿ ಮನುಷ್ಯನಿಗೆ ಇರುವುದು ಒಂದೇ ಬಾಳು, ಆಮೇಲೆ ನ್ಯಾಯತೀರ್ಪು. ಹಿಂದಿನ ಜನ್ಮದ ಲೆಕ್ಕ ಇಲ್ಲಿಲ್ಲ. ಜೊತೆಗೆ, ಬಿತ್ತನೆಗೂ ಕೊಯ್ಲಿಗೂ ನಡುವೆ ಒಬ್ಬ ದೇವರಿದ್ದಾನೆ. ಅವನು ಕೇಳುತ್ತಾನೆ, ಕೋಪಗೊಳ್ಳುತ್ತಾನೆ, ಮರುಗುತ್ತಾನೆ, ಕ್ಷಮಿಸುತ್ತಾನೆ. ಫಲವೆಂಬುದು ತನ್ನಷ್ಟಕ್ಕೇ ಉರುಳುವ ನಿಯಮವಾಗಿದ್ದರೆ ಪ್ರಾರ್ಥಿಸಲು ಯಾರೂ ಇರುತ್ತಿರಲಿಲ್ಲ.

ಈಗ ಇಸ್ರಾಯೇಲಿನ ಅರಸ ದಾವೀದನ ಕಥೆಗೆ ಬರೋಣ. ಎರಡನೆಯ ಸಮುವೇಲನ ಗ್ರಂಥದ ಹನ್ನೊಂದನೆಯ ಅಧ್ಯಾಯವನ್ನು ಓದಿಲ್ಲದವರು ಇಲ್ಲಿ ಕಡಿಮೆ. ಆದರೆ ಹನ್ನೆರಡರ ನಂತರ ನಾವು ಪುಸ್ತಕ ಮುಚ್ಚಿಬಿಡುತ್ತೇವೆ. ಪಾಪ, ಪ್ರವಾದಿಯ ಗದರಿಕೆ, ಪಶ್ಚಾತ್ತಾಪ, ಆ ಪಶ್ಚಾತ್ತಾಪದ ಹಾಡಾದ ಐವತ್ತೊಂದನೆಯ ಕೀರ್ತನೆ, ಅಲ್ಲಿಗೆ ಮುಗಿಯಿತು ಎಂದುಕೊಳ್ಳುತ್ತೇವೆ. ಬೈಬಲ್ ಅಲ್ಲಿ ಮುಗಿಸುವುದಿಲ್ಲ.

ಅರಸರು ಯುದ್ಧಕ್ಕೆ ಹೊರಡುವ ಕಾಲ. ದಾವೀದ ಮಾತ್ರ ಯೆರೂಸಲೇಮಿನಲ್ಲೇ ಉಳಿದಿದ್ದಾನೆ. ಮಾಳಿಗೆಯಿಂದ ಬತ್ಷೆಬೆಯನ್ನು ನೋಡುತ್ತಾನೆ, ಕರೆಸಿಕೊಳ್ಳುತ್ತಾನೆ. ಅವಳು ಗರ್ಭಿಣಿಯಾದದ್ದು ತಿಳಿದಾಗ ಅವಳ ಗಂಡ ಊರೀಯನನ್ನು ರಣರಂಗದಿಂದ ಕರೆಸಿ, ಮನೆಗೆ ಕಳುಹಿಸಲು ನೋಡುತ್ತಾನೆ. ಊರೀಯ ಹೋಗುವುದಿಲ್ಲ. ಜೊತೆಗಾರರು ಬಯಲಿನಲ್ಲಿ ಮಲಗಿರುವಾಗ ನಾನು ಮನೆಗೆ ಹೋಗಿ ಸುಖಪಡಲೇ ಎಂದು ಕೇಳುವ ಸಿಪಾಯಿ ಅವನು. ಕೊನೆಗೆ ದಾವೀದ ಸೇನಾಪತಿ ಯೋವಾಬನಿಗೆ ಪತ್ರ ಬರೆಯುತ್ತಾನೆ: ಊರೀಯನನ್ನು ಕಾಳಗ ಬಲವಾಗಿರುವಲ್ಲಿ ನಿಲ್ಲಿಸಿ, ಹಿಂದೆ ಸರಿಯಿರಿ, ಅವನು ಸಾಯಲಿ. ಆ ಪತ್ರವನ್ನು ಒಯ್ದವನು ಊರೀಯನೇ. ಅವನು ಸತ್ತ ಸುದ್ದಿ ಬಂದಾಗ ದಾವೀದ ಯೋವಾಬನಿಗೆ ಸಮಾಧಾನ ಹೇಳಿ ಕಳುಹಿಸುತ್ತಾನೆ: ಇದಕ್ಕಾಗಿ ಚಿಂತಿಸಬೇಡ, ಕತ್ತಿ ಒಮ್ಮೆ ಇವನನ್ನು, ಒಮ್ಮೆ ಅವನನ್ನು ತಿನ್ನುತ್ತದೆ.

ನಾತಾನ ಪ್ರವಾದಿ ಬಂದು ಬಡವನ ಕುರಿಮರಿಯ ಸಾಮತಿ ಹೇಳುತ್ತಾನೆ. ಅದನ್ನು ಕಸಿದವನು ನಾಲ್ಕರಷ್ಟು ತೆರಬೇಕು ಎಂದು ದಾವೀದ ಸಿಟ್ಟಿನಿಂದ ಹೇಳುತ್ತಾನೆ. ಆ ಮನುಷ್ಯ ನೀನೇ ಎನ್ನುತ್ತಾನೆ ನಾತಾನ. ದಾವೀದ ಒಪ್ಪಿಕೊಳ್ಳುತ್ತಾನೆ. ಕ್ಷಮೆ ಅದೇ ಕ್ಷಣದಲ್ಲಿ ದೊರೆಯುತ್ತದೆ: ಯೆಹೋವನು ನಿನ್ನ ಪಾಪವನ್ನು ಪರಿಹರಿಸಿದ್ದಾನೆ, ನೀನು ಸಾಯುವುದಿಲ್ಲ. ಆದರೆ ಆ ಕ್ಷಮೆಗೆ ಮುಂಚೆಯೇ ಹೇಳಿದ ಮಾತನ್ನು ನಾತಾನ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಕತ್ತಿ ನಿನ್ನ ಮನೆಯನ್ನು ಬಿಟ್ಟು ಹೋಗದು ಎಂಬುದು ಆ ಮಾತು. ಊರೀಯನ ಸಾವನ್ನು ಮುಚ್ಚಲು ದಾವೀದ ನೆಪ ಮಾಡಿಕೊಂಡಿದ್ದು ಕತ್ತಿಯನ್ನೇ ಅಲ್ಲವೇ?

ಮುಂದಿನ ಅಧ್ಯಾಯಗಳಲ್ಲಿ ಆಗುವುದೇನು ಎಂಬುದನ್ನು ನಿಧಾನವಾಗಿ ನೋಡಬೇಕು. ಹಿರಿಯ ಮಗ ಅಮ್ನೋನ ತನ್ನ ಮಲತಂಗಿ ತಾಮಾರಳ ಮೇಲೆ ಅತ್ಯಾಚಾರ ಮಾಡುತ್ತಾನೆ. ದಾವೀದನಿಗೆ ಬಹಳ ಸಿಟ್ಟು ಬಂತು ಎಂದು ಬರೆದಿದೆ, ಅವನು ಏನಾದರೂ ಮಾಡಿದ ಎಂದು ಬರೆದಿಲ್ಲ. ಬೇರೊಬ್ಬನ ಹೆಂಡತಿಯನ್ನು ತರಿಸಿಕೊಂಡ ತಂದೆಗೆ ಮಗನ ಮುಂದೆ ನಿಂತು ಮಾತಾಡುವ ಬಾಯಿ ಉಳಿದಿರಲಿಲ್ಲ ಎಂದೇ ನಾನು ಅರ್ಥಮಾಡಿಕೊಂಡಿದ್ದೇನೆ. ನ್ಯಾಯ ಸಿಗದ ಆ ಮನೆಯಲ್ಲಿ ತಾಮಾರಳ ಅಣ್ಣ ಅಬ್ಷಾಲೋಮ ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದು, ಆಮೇಲೆ ಅಮ್ನೋನನನ್ನು ಕೊಲ್ಲಿಸುತ್ತಾನೆ. ಮುಂದೆ ತಂದೆಯ ವಿರುದ್ಧವೇ ದಂಗೆ ಏಳುತ್ತಾನೆ. ಆ ದಂಗೆಗೆ ಬುದ್ಧಿ ಹೇಳಿಕೊಡುವವನು ದಾವೀದನ ಮಂತ್ರಿಯಾಗಿದ್ದ ಅಹೀತೋಫೆಲ. ಬತ್ಷೆಬೆಯ ತಂದೆಯ ಹೆಸರು ಎಲೀಯಾಮ. ಅಹೀತೋಫೆಲನ ಮಗನೊಬ್ಬನ ಹೆಸರೂ ಎಲೀಯಾಮ. ಇಬ್ಬರೂ ಒಬ್ಬನೇ ಆಗಿದ್ದರೆ, ಮೊಮ್ಮಗಳ ಮನೆ ಹಾಳಾದದ್ದನ್ನು ಅಜ್ಜ ಅಷ್ಟು ವರ್ಷ ಮರೆತಿರಲಿಲ್ಲ ಎಂದಾಯಿತು. ಅರಮನೆಯ ಮಾಳಿಗೆಯ ಮೇಲೆ, ಎಲ್ಲರ ಕಣ್ಣೆದುರು ದಾವೀದನ ಉಪಪತ್ನಿಯರನ್ನು ಅವಮಾನಿಸು ಎಂದು ಅಬ್ಷಾಲೋಮನಿಗೆ ಹೇಳಿಕೊಟ್ಟವನೂ ಅವನೇ. ಮಾಳಿಗೆಯಲ್ಲಿ ಶುರುವಾದದ್ದು ಮಾಳಿಗೆಗೇ ಬಂತು.

ಯೋವಾಬ? ಮಗನನ್ನು ಕೊಲ್ಲಬೇಡಿ ಎಂದು ದಾವೀದ ಎಲ್ಲರಿಗೂ ಕೇಳಿಸುವಂತೆ ಆಜ್ಞೆ ಮಾಡಿದ್ದರೂ, ಮರಕ್ಕೆ ಸಿಕ್ಕಿಕೊಂಡು ನೇತಾಡುತ್ತಿದ್ದ ಅಬ್ಷಾಲೋಮನ ಎದೆಗೆ ಮೂರು ಈಟಿಗಳನ್ನು ನೆಟ್ಟವನು ಯೋವಾಬನೇ. ದಾವೀದ ಬದುಕಿರುವವರೆಗೂ ಅವನಿಗೆ ಶಿಕ್ಷೆಯಾಗಲಿಲ್ಲ. ಒಂದು ಕಾಲದಲ್ಲಿ ಆ ಪತ್ರವನ್ನು ಓದಿದ್ದವನನ್ನು ಅರಸ ಶಿಕ್ಷಿಸುವುದು ಹೇಗೆ?

ಇಲ್ಲಿ ಆಕಾಶದಿಂದ ಸಿಡಿಲು ಬಡಿದಿಲ್ಲ. ಫಲ ಹರಿದು ಬಂದದ್ದು ಮನುಷ್ಯರ ಮೂಲಕ. ತಂದೆಯೊಬ್ಬ ಕಳೆದುಕೊಂಡ ನೈತಿಕ ಅಧಿಕಾರ, ಮಕ್ಕಳು ನೋಡಿ ಕಲಿತ ನಡತೆ, ಮುಚ್ಚಿಟ್ಟ ಗುಟ್ಟು ಒಬ್ಬನ ಕೈಗೆ ಕೊಟ್ಟ ಹಿಡಿತ, ಅವಮಾನಿತ ಕುಟುಂಬದ ನೆನಪು. ಇವೇ ಕಾಲುವೆಗಳು. ನಮ್ಮ ಮನೆಗಳಲ್ಲೂ ಫಲ ಬರುವುದು ಇವೇ ದಾರಿಗಳಲ್ಲಿ. ಮದ್ಯಪಾನ ಬಿಟ್ಟು, ಕಣ್ಣೀರಿಟ್ಟು ದೇವರ ಕಡೆಗೆ ತಿರುಗಿದ ಒಬ್ಬರನ್ನು ನಾನು ಬಲ್ಲೆ. ಅವರ ಮಾನಸಾಂತರ ಅಪ್ಪಟವಾದದ್ದು, ನಾನು ಸಾಕ್ಷಿ. ಆದರೂ ರಾತ್ರಿ ಗೇಟಿನ ಚಿಲಕ ಸದ್ದಾದರೆ ಬೆಳೆದ ಮಗಳು ಇಂದಿಗೂ ಬೆಚ್ಚುತ್ತಾಳೆ. “ದೇವರು ಕ್ಷಮಿಸಿದ ಮೇಲೂ ಇವಳಿಗೇಕೆ ನನ್ನ ಮೇಲೆ ನಂಬಿಕೆ ಬರುತ್ತಿಲ್ಲ?” ಎಂದು ಅವರು ನೊಂದು ಕೇಳಿದರು. ದೇವರ ಕ್ಷಮೆ ಮಗಳ ಮೇಲೆ ಹೊರಿಸಬೇಕಾದ ಸಾಲವಲ್ಲ ಎಂದು ಅವರಿಗೆ ಹೇಳಬೇಕಾಯಿತು. ಸಭೆಗಳಲ್ಲಿ ನಾವು ಮಾಡುವ ದೊಡ್ಡ ಅನ್ಯಾಯಗಳಲ್ಲಿ ಇದೂ ಒಂದು: ತಪ್ಪು ಮಾಡಿದವನು ಅತ್ತು ಪ್ರಾರ್ಥಿಸಿದ ಕೂಡಲೇ ಪೆಟ್ಟು ತಿಂದವರ ಕಡೆಗೆ ತಿರುಗಿ, ಇನ್ನೇನು, ಮರೆತುಬಿಡಿ ಎನ್ನುವುದು. ನಾತಾನ ಹಾಗೆ ಹೇಳಲಿಲ್ಲ.

ಮತ್ತಾಯನ ಸುವಾರ್ತೆಯ ಮೊದಲ ಪುಟವನ್ನು ತೆಗೆಯಿರಿ. ಯೇಸುವಿನ ವಂಶಾವಳಿ. ಹೆಸರುಗಳ ಸಾಲಿನಲ್ಲಿ ದಾವೀದನ ಬಳಿಗೆ ಬಂದಾಗ ಬರೆದಿರುವುದು ಹೀಗೆ: ದಾವೀದನು ಊರೀಯನ ಹೆಂಡತಿಯಲ್ಲಿ ಸೊಲೊಮೋನನನ್ನು ಪಡೆದನು. ಅವಳು ಎಷ್ಟೋ ಕಾಲದಿಂದ ದಾವೀದನ ರಾಣಿಯಾಗಿದ್ದವಳು. ಬತ್ಷೆಬೆ ಎಂದು ಬರೆಯಬಹುದಿತ್ತು. ಮತ್ತಾಯ ಊರೀಯನ ಹೆಸರನ್ನು ತಂದು ನಿಲ್ಲಿಸುತ್ತಾನೆ. ಅಳಿಸಿಹಾಕಬೇಕೆಂದು ಅರಸನೊಬ್ಬ ಪಟ್ಟ ಪ್ರಯತ್ನವೆಲ್ಲ ವ್ಯರ್ಥವಾಗಿ, ಆ ಅನ್ಯದೇಶದ ಸಿಪಾಯಿಯ ಹೆಸರನ್ನು ನಾವು ಕ್ರಿಸ್ತನ ವಂಶಾವಳಿಯಲ್ಲಿ ಓದುತ್ತೇವೆ. ಕೃಪೆ ಆ ವಂಶದಲ್ಲೇ ರಕ್ಷಕನನ್ನು ಹುಟ್ಟಿಸಿತು, ಊರೀಯನನ್ನು ಮರೆಸಲಿಲ್ಲ. ಈ ಎರಡನ್ನೂ ಒಟ್ಟಿಗೆ ಹಿಡಿಯಲು ಬಾರದಿದ್ದರೆ ಸುವಾರ್ತೆ ನಮಗೆ ಅರ್ಧವೇ ತಿಳಿದಿದೆ.

ಪುನರುತ್ಥಾನದ ವಿಷಯದಲ್ಲೂ ಹೀಗೆಯೇ. ಸಾವನ್ನು ಗೆದ್ದು ಎದ್ದ ದೇಹದಲ್ಲಿ ಮೊಳೆಯ ಗುರುತುಗಳು ಉಳಿದಿದ್ದವು, ಶಿಷ್ಯ ತೋಮನಿಗೆ ಯೇಸು ಅವನ್ನೇ ತೋರಿಸಿದನು. ಯೇಸುವನ್ನು ಶಿಲುಬೆಗೇರಿಸಿದ ಆ ಶುಕ್ರವಾರ ಮನುಷ್ಯರು ಮಾಡಿದ ಕೃತ್ಯವನ್ನು ದೇವರು ಸೋಲಿಸಿದನು, ಆದರೆ ನಡೆದೇ ಇಲ್ಲವೆಂಬಂತೆ ಮಾಡಲಿಲ್ಲ. ಪಕ್ಕದ ಶಿಲುಬೆಯ ಕಳ್ಳನೂ ಪರದೈಸಿನ, ಅಂದರೆ ಸ್ವರ್ಗದ, ವಾಗ್ದಾನ ಪಡೆದ ಮೇಲೆ ಕೆಳಗಿಳಿಯಲಿಲ್ಲ, ಅಲ್ಲಿಯೇ ಪ್ರಾಣ ಬಿಟ್ಟನು.

ಇದುವರೆಗೆ ಒಬ್ಬ ಬಿತ್ತಿ ಅವನೇ, ಅವನ ಮನೆಯವರೇ ಕೊಯ್ದ ಮಾತಾಯಿತು. ಒಂದು ತಲೆಮಾರು ಬಿತ್ತಿ ಇನ್ನೊಂದು ತಲೆಮಾರು ಕೊಯ್ಯುವುದೂ ಉಂಟು. ಕ್ರಿ.ಪೂ. ಆರನೆಯ ಶತಮಾನದಲ್ಲಿ ಬಾಬೆಲಿಗೆ ಸೆರೆಹೋದ ಯೆಹೂದ್ಯರ ನಡುವೆ ಒಂದು ಗಾದೆ ಓಡಾಡುತ್ತಿತ್ತು: ಹೆತ್ತವರು ಹುಳಿ ದ್ರಾಕ್ಷಿ ತಿಂದರು, ಮಕ್ಕಳ ಹಲ್ಲು ಚಳಿತುಹೋಯಿತು. ಈ ಗಾದೆಯನ್ನು ಇನ್ನು ಎತ್ತಬೇಡಿ ಎಂದು ಪ್ರವಾದಿ ಯೆಹೆಜ್ಕೇಲನ ಮೂಲಕ ದೇವರು ಹೇಳುತ್ತಾನೆ. ತಂದೆಯ ಅಪರಾಧ ಮಗನ ತಲೆಯ ಮೇಲಿಲ್ಲ, ಪಾಪ ಮಾಡಿದವನೇ ಅದಕ್ಕೆ ಉತ್ತರ ಕೊಡಬೇಕು. ಆದರೆ ಹತ್ತು ಆಜ್ಞೆಗಳಲ್ಲಿ ಮೂರು ನಾಲ್ಕು ತಲೆಮಾರುಗಳವರೆಗೆ ತಟ್ಟುವ ಮಾತೂ ಇದೆಯಲ್ಲ? ನನಗೆ ಇವೆರಡರಲ್ಲಿ ವಿರೋಧ ಕಾಣುವುದಿಲ್ಲ. ಅಪರಾಧ ಪಿತ್ರಾರ್ಜಿತವಾಗಿ ಬರುವುದಿಲ್ಲ, ಪರಿಣಾಮ ಬರುತ್ತದೆ. ಯೆಹೆಜ್ಕೇಲನ ಮಾತನ್ನು ಕೇಳುತ್ತಿದ್ದ ಮಕ್ಕಳು ನಿರ್ದೋಷಿಗಳಾಗಿರಬಹುದು, ಆದರೂ ಅವರು ಕುಳಿತಿದ್ದದ್ದು ಬಾಬೆಲಿನ ಹೊಳೆಯ ದಂಡೆಯಲ್ಲೇ.

ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುವ ನಾವು ನಿಲ್ಲುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣ ಇರುವ ಜಾಗ ಸಂಪಂಗಿ ಕೆರೆಯದು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬರತೊಡಗಿದ ಮೇಲೆ ಊರೊಳಗಿನ ಕೆರೆಗಳ ಕಡೆಗೆ ಜನರ ಗಮನ ಸಡಿಲವಾಯಿತು. ಹೂಳು ತೆಗೆಯುವವರಿಲ್ಲದೆ, ನೀರು ತರುವ ಕಾಲುವೆಗಳು ಮುಚ್ಚಿಹೋಗಿ, ಒಂದೊಂದಾಗಿ ಅವು ಒಣಗಿದವು. ಆ ಕಾಲದ ಯಾರನ್ನೂ ದುಷ್ಟರೆನ್ನಲು ನನಗೆ ಮನಸ್ಸಿಲ್ಲ, ಕೊಳವೆ ನೀರು ಅವರಿಗೆ ಬೇಕಾಗಿತ್ತು. ಆದರೆ ಒಂದು ಕೆರೆ ಕೋಡಿ ಬಿದ್ದರೆ ಮುಂದಿನ ಕೆರೆಗೆ ನೀರು ಹರಿಯುವಂತೆ ಕಟ್ಟಿದ ಸರಪಣಿಯಲ್ಲಿ ಒಂದು ಕೊಂಡಿ ಕಳಚಿದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ಮುಂದಿನವರು ರಾಜಕಾಲುವೆಯನ್ನು ಒತ್ತರಿಸಿದರು, ಅದರೊಳಗೆ ಒಳಚರಂಡಿಯನ್ನು ಬಿಟ್ಟರು. 2015ರ ಮೇ ತಿಂಗಳಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿತು. 2017ರಲ್ಲಿ, 2018ರಲ್ಲಿ ಕೆರೆಯಂಗಳ ಮತ್ತೆ ಹೊತ್ತಿ ಉರಿಯಿತು. ಕೆರೆಯ ನೀರು ಹೊತ್ತಿ ಉರಿಯುತ್ತದೆ ಎಂದರೆ ನಮ್ಮ ತಾತಂದಿರು ನಂಬುತ್ತಿದ್ದರೇ? 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಸುತ್ತ ನೀರು ನುಗ್ಗಿ, ಕಂಪನಿಗಳ ನೌಕರರು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ನೀರಿಗಾಗಿ ಬೀದಿ ಬೀದಿಯಲ್ಲಿ ಜಗಳವಾಯಿತು. ನೆರೆಯೂ ಬರವೂ ಹುಟ್ಟಿದ್ದು ಬಹುಮಟ್ಟಿಗೆ ಒಂದೇ ಬೀಜದಿಂದ. ಬಿತ್ತಿದವರಲ್ಲಿ ಅನೇಕರು ಸಮಾಧಿಯಲ್ಲಿದ್ದಾರೆ. ಕೊಯ್ಯುತ್ತಿರುವವರು ಮೊನ್ನೆ ಮೊನ್ನೆ ಕಲಬುರಗಿಯಿಂದ, ಬಳ್ಳಾರಿಯಿಂದ ದುಡಿಯಲು ಬಂದು ತಗ್ಗಿನ ಜಾಗದಲ್ಲಿ ಶೆಡ್ ಹಾಕಿಕೊಂಡವರು. ಇದಕ್ಕಾಗಿ ನನ್ನ ಹೊಟ್ಟೆ ಉರಿಯುತ್ತದೆ. ಬೆಳ್ಳಂದೂರಿನ ನೀರು ವರ್ತೂರಿಗೆ ಇಳಿದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ, ಅಲ್ಲಿಂದ ತಮಿಳುನಾಡಿಗೆ ಹೋಗುತ್ತದೆ. ನಮ್ಮ ಪಾಪಕ್ಕೆ ರಾಜ್ಯದ ಗಡಿಯೂ ಅಡ್ಡಿಯಲ್ಲ. ಒಂದು ಸಭೆಯಾಗಿ ನಾವು ಪಾಪದ ಅರಿಕೆ ಮಾಡುವಾಗ, ನಮ್ಮ ಕಟ್ಟಡದ ಕೊಳಚೆ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಅರಿಕೆ ಮಾಡಬೇಕು ಎಂಬುದು ನನ್ನ ಒತ್ತಾಯ.

ಒಳ್ಳೆಯ ಬೀಜಕ್ಕೂ ಅಷ್ಟೇ ಆಯುಸ್ಸಿದೆ. ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ನಮ್ಮ ನಾಡಿಗೆ ಬಂದವರು. ಸುವಾರ್ತೆ ಸಾರಲು ಬಂದ ಯುವಕ. ಮತಾಂತರಗಳನ್ನು ಎಣಿಸುವವರ ಲೆಕ್ಕದಲ್ಲಿ ಅವರಿಗೆ ದೊಡ್ಡ ಸ್ಥಾನ ಇರಲಾರದು. ಹಳ್ಳಿಯವರ ಬಾಯಿಂದ, ಹಳೆಯ ಕಾವ್ಯಗಳ ಹಾಳೆಗಳಿಂದ ಒಂದೊಂದೇ ಪದವನ್ನು ಆರಿಸಿ ಅವರು ಕಟ್ಟಿದ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು, ಸುಮಾರು 70,000 ಪದಗಳು. 1903ರಲ್ಲಿ ಅವರು ಜರ್ಮನಿಯಲ್ಲಿ ತೀರಿಕೊಂಡರು. ಕನ್ನಡದ ಪಂಡಿತರು ಇಂದಿಗೂ ಆ ನಿಘಂಟನ್ನು ತೆರೆಯುತ್ತಾರೆ. ಅವರು ಯಾವ ಧರ್ಮದವರೆಂದು ಅದು ಕೇಳುವುದಿಲ್ಲ. ತಕ್ಕ ಕಾಲದಲ್ಲಿ ಎಂದು ಪೌಲ ಹೇಳಿದ್ದು ಎಷ್ಟು ದೂರದ ಕಾಲವಾಗಿರಬಹುದು ನೋಡಿ. ಬೇಸರಗೊಳ್ಳಬೇಡಿ ಎಂಬ ಮಾತನ್ನು ನಾನು ಮುಖ್ಯವಾಗಿ ನಮ್ಮ ಭಾನುವಾರದ ಶಾಲೆಯ ಉಪಾಧ್ಯಾಯಿನಿಯರಿಗೆ, ಹಾಸಿಗೆ ಹಿಡಿದ ಅತ್ತೆಮಾವಂದಿರ ಸೇವೆ ಮಾಡುತ್ತಿರುವ ಸೊಸೆಯಂದಿರಿಗೆ ಹೇಳುತ್ತಿದ್ದೇನೆ.

ಕೊನೆಗೆ, ಕೆಟ್ಟ ಬೀಜ ಬಿತ್ತಿ ಆಗಿಹೋಗಿದೆ, ಈಗೇನು ಮಾಡುವುದು? ಯೆರಿಕೋವಿನ ಜಕ್ಕಾಯನನ್ನು ನೋಡಿ. ಸುಂಕದವರ ಮುಖ್ಯಸ್ಥ, ಊರನ್ನು ಹಿಂಡಿ ಶ್ರೀಮಂತನಾದವನು. ಯೇಸು ಅವನ ಮನೆಗೆ ಹೋದದ್ದು ಅವನು ಏನನ್ನೂ ಹಿಂದಿರುಗಿಸುವ ಮೊದಲು. ಕೃಪೆ ಮುಂಚಿತವಾಗಿಯೇ ಬಂತು. ಆದರೆ ಅದು ಮನೆಯೊಳಗೆ ಕಾಲಿಟ್ಟ ಮೇಲೆ ಜಕ್ಕಾಯ ಎದ್ದು ನಿಂತು ಲೆಕ್ಕ ಹೇಳಿದನು: ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು. ತಾನಾಗಿ ತಪ್ಪೊಪ್ಪಿಕೊಂಡವನು ಮೂಲಧನದ ಜೊತೆಗೆ ಐದರಲ್ಲೊಂದು ಭಾಗ ಸೇರಿಸಿ ಕೊಟ್ಟರೆ ಸಾಕೆಂದು ಮೋಶೆಯ ಧರ್ಮಶಾಸ್ತ್ರ ಹೇಳುತ್ತದೆ. ನಾಲ್ಕರಷ್ಟು ಎಂಬುದು ಕುರಿ ಕದ್ದು ಕೊಂದವನಿಗೆ ವಿಧಿಸಿದ ದಂಡ. ಜಕ್ಕಾಯ ತನ್ನನ್ನು ಆ ಕಳ್ಳನ ಸಾಲಿನಲ್ಲೇ ನಿಲ್ಲಿಸಿಕೊಂಡನು. ಇಂದು ಈ ಮನೆಗೆ ರಕ್ಷಣೆಯಾಯಿತು ಎಂದು ಯೇಸು ಹೇಳಿದ್ದು ಆ ಮಾತು ಮುಗಿದ ಮೇಲೆ. ನಮ್ಮ ಪ್ರಾರ್ಥನಾ ಕೂಟಗಳಲ್ಲಿ ಸಾಕ್ಷಿ ಹೇಳುವವರು ಬಹಳ. ಲೆಕ್ಕ ಹೇಳುವವರು ಕಡಿಮೆ.

*

ಉಪನ್ಯಾಸ ಮುಗಿದಾಗ ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ಕೇಳಿದರು: “ನನ್ನಿಂದ ಅನ್ಯಾಯವಾದದ್ದು ಒಡಹುಟ್ಟಿದವನಿಗೆ. ಅವನು ಈಗ ಇಲ್ಲ. ಯಾರ ಕೈಗೆ ಹಿಂದಿರುಗಿಸಲಿ, ಅಯ್ಯನವರೇ?”

ನಾನು ಕೊಟ್ಟ ಉತ್ತರ ಇದು. ಈ ಪ್ರಶ್ನೆಯನ್ನು ಮೋಶೆಯ ಧರ್ಮಶಾಸ್ತ್ರ ಮೊದಲೇ ಯೋಚಿಸಿದೆ. ಬೈಬಲಿನ ಅರಣ್ಯಕಾಂಡದ ಐದನೆಯ ಅಧ್ಯಾಯದಲ್ಲಿ ನೋಡಿ. ತಪ್ಪು ಮಾಡಿದವನು ಅದನ್ನು ಅರಿಕೆ ಮಾಡಬೇಕು, ಮೂಲವನ್ನು ಪೂರ್ತಿಯಾಗಿ ಕೊಟ್ಟು ಐದರಲ್ಲೊಂದು ಭಾಗ ಸೇರಿಸಬೇಕು. ಅನ್ಯಾಯಕ್ಕೊಳಗಾದವನೂ ಇಲ್ಲ, ತೆಗೆದುಕೊಳ್ಳಲು ಅವನ ಹತ್ತಿರದ ಬಂಧುವೂ ಇಲ್ಲ ಎಂದಾದರೆ ಮಾತ್ರ ಅದು ದೇವರದಾಗಿ ಯಾಜಕನಿಗೆ ಸೇರಬೇಕು. ಈ ಕ್ರಮವನ್ನು ಗಮನಿಸಿ. ಮೊದಲು ಕಾಣಿಕೆ ಪೆಟ್ಟಿಗೆಯ ಕಡೆಗೆ ಬರಬೇಡಿ. ನಿಮ್ಮ ತಮ್ಮನಿಗೆ ಹೆಂಡತಿ ಮಕ್ಕಳಿದ್ದಾರೆಯೇ? (ಅವರು ಇದ್ದಾರೆಂದು ತಲೆಯಾಡಿಸಿದರು.) ಹಾಗಾದರೆ ಅವರ ಮನೆಗೆ ಹೋಗಬೇಕು. ನಡೆದದ್ದನ್ನು ಹೇಳಬೇಕು, ಆ ಕಾಲದ ಪರಿಸ್ಥಿತಿ ಹಾಗಿತ್ತು ಎಂಬ ಮುನ್ನುಡಿ ಬೇಡ. ಅವರು ಬಾಗಿಲು ಹಾಕಿಕೊಂಡರೆ ಅದು ಅವರ ಹಕ್ಕು, ಮತ್ತೆ ಹೋಗಬೇಕು. ನಿವೇಶನದ ವಿಷಯವಾಗಿದ್ದರೆ ಅಂದಿನ ಬೆಲೆಯನ್ನು ಎಣಿಸಿ ಕೊಡಬೇಡಿ, ಇಂದಿನ ಬೆಲೆ ನೋಡಬೇಕು, ಐದರಲ್ಲೊಂದು ಭಾಗವನ್ನು ಅದರ ಮೇಲೆ ಹಾಕಬೇಕು. ನಿಮ್ಮ ಮಕ್ಕಳಿಗೂ ಮೊದಲೇ ತಿಳಿಸಿ, ಇಲ್ಲದಿದ್ದರೆ ನಿಮ್ಮ ನಂತರ ಅವರು ತಮ್ಮನ ಮನೆಯವರ ಮೇಲೆ ದಾವೆ ಹೂಡಬಹುದು. ಒಬ್ಬ ವಕೀಲರಿಂದ ಪತ್ರ ಬರೆಸಿ, ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಅವರ ಮನೆಗೆ ಒಬ್ಬರೇ ಹೋಗಲು ಧೈರ್ಯ ಸಾಲದಿದ್ದರೆ ಹೇಳಿ, ಈ ಶನಿವಾರ ನಾನು ಜೊತೆಗೆ ಬರುತ್ತೇನೆ.